ನಂಬರ್ ಕೊಡುವ ಮುಂಚೆ ನಮ್ಮನ್ನು ಕೇಳಲಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಇಲ್ಲಿ ಕೇಂದ್ರ ಸರ್ಕಾರದ ಶಿಕ್ಷಣ ಅನುದಾನ ಪಡೆಯುವ ಹೈಸ್ಕೂಲುಗಳು, ಸೇನಾ ಭರ್ತಿಯವರು ಕೇಳಿದರೆ ಮಕ್ಕಳ ಹೆಸರು, ವಿಳಾಸ, ಫೋನ್ ನಂಬರ್ ಕೊಡಬೇಕು. 2002ರಿಂದ ಇದು ಕಾನೂನು. ಬೇಡವಾದರೆ ನಾವೇ ಬರೆದುಕೊಡಬೇಕು. ಸುಮ್ಮನಿದ್ದರೆ ಒಪ್ಪಿದಂತೆ! ಶಾಲೆ ಶುರುವಾದಾಗ ಬಂದ ಕಾಗದಗಳ ರಾಶಿಯಲ್ಲಿ ಇದು ನನ್ನ ಕಣ್ಣಿಗೇ ಬೀಳಲಿಲ್ಲ. ಮಗನಿಗೆ ಫೋನ್ ಬಂದಾಗಲೇ ಗೊತ್ತಾಗಿದ್ದು. ಸೈನಿಕರ ಬಗ್ಗೆ ನನಗೆ ತುಂಬಾ ಗೌರವವಿದೆ. ನಮ್ಮ ಕೊಡಗಿನಲ್ಲಿ ಎಷ್ಟು ಮನೆಗಳಿಂದ ಸೇನೆಗೆ ಹೋಗಿದ್ದಾರೆ ಅಲ್ವಾ? ಆದರೆ ಹದಿನಾರರ ಹುಡುಗನಿಗೆ ಸೇನೆ ಸೇರಿದರೆ ಕಾಲೇಜು ಫೀಸು ಸಿಗುತ್ತದೆ ಎಂಬ ಆಸೆ ತೋರಿಸುವ ಮೊದಲು ಮನೆಯವರನ್ನು ಕೇಳಬೇಕು. ಹದಿನೇಳಕ್ಕೆ ಸೇನೆ ಸೇರಲು ನಮ್ಮ ಸಹಿ ಬೇಕು. ನಂಬರ್ ಕೊಡಲು ಯಾಕೆ ಬೇಡ?

– ಹೈಸ್ಕೂಲ್ ಹುಡುಗನ ತಾಯಿ, ನ್ಯೂಜೆರ್ಸಿ