ನಾಶಿಕದಲ್ಲಿದ್ದವನ ಪತ್ರ

ದೋಸ್ತ,

ಇದನ್ನು ನಿನಗೊಬ್ಬನಿಗೇ ವಾಟ್ಸಾಪ್ ಮಾಡಬಹುದಿತ್ತು. ಮಾಡಿದರೆ ನೀನು ಒಂದು ಹೆಬ್ಬೆರಳು ಕಳಿಸಿ ಮುಗಿಸಿಬಿಡ್ತೀಯ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ, ನಮ್ಮ ಗೋಕಾಕದವರೂ ಓದಿ ನಗಲಿ. ಪಿ.ಟಿ. ಮಾಸ್ತರರ ಸೈಕಲ್ ವಿಷಯ ಮಾತ್ರ ಎತ್ತಲ್ಲ, ಆಣೆ.

ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಕ್ಕೆ ಅಂತ ಮಗಳು ಸ್ಕೂಲಿನಿಂದ ಪುಟ್ಟ ಧ್ವಜ ತಂದಿದ್ದಳು. ಅದೇ ಕೆಂಪು, ಕಡುನೀಲಿ, ತಿಳಿನೀಲಿ ಪಟ್ಟಿ. ನಮ್ಮ ಕಾಲಕ್ಕೆ ಗುಂಡುಸೂಜಿ ಇತ್ತು, ಇದಕ್ಕೆ ಹಿಂದೆ ಅಂಟು. ನೀನು ಎಂಟಾಣೆ ಕೊಡದೆ ನನ್ನದನ್ನೇ ಕಿತ್ತು ನಿನ್ನ ಜೇಬಿಗೆ ಚುಚ್ಚಿಕೊಂಡಿದ್ದೆ. ಆ ದುಡ್ಡು ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೆ, ಕೈಕಾಲು ಕಳೆದುಕೊಂಡವರಿಗೆ, ಮಾಜಿ ಸೈನಿಕರಿಗೆ ಹೋಗುತ್ತೆ ಅಂತ ಆಗ ನನಗೂ ಗೊತ್ತಿರಲಿಲ್ಲ, ನಿನಗೂ ಗೊತ್ತಿರಲಿಲ್ಲ. ಎಂಟಾಣೆ ಇನ್ನೂ ಬಾಕಿ.

ಇರಲಿ. ಅವಳು ಸೈನಿಕರಿಗೊಂದು ಕಾರ್ಡ್ ಬರೆಯಬೇಕಿತ್ತು. "ಅಪ್ಪಾ, ನಿಂಗೆ ಯಾರಾದ್ರೂ ಸೋಲ್ಜರ್ ಗೊತ್ತಾ?" ಅಂದಳು. ನಾನು ಬಾಯಿ ತೆರೆಯೋ ಮೊದಲೇ ಅಡುಗೆಮನೆಯಿಂದ ಉತ್ತರ ಬಂತು: "ಗೊತ್ತಲ್ಲ, ಅಪ್ಪ ನಾಶಿಕಕ್ಕೆ ಹೋದಾಗಲೇ ಫೋನ್ ಮಾಡ್ತಾರಲ್ಲ, ಅವರು."

ನಾನು ನಾಶಿಕಕ್ಕೆ ಹೋಗಿರಲಿಲ್ಲ ಕಣೋ.

2025ರ ಜನವರಿ 14, ಸಂಕ್ರಮಣ. ಮೊಣಕಾಲು ತೋರಿಸೋಕೆ ಇಲ್ಲಿ ಪುಣೆಯ ಸೇನಾ ಕಮಾಂಡ್ ಆಸ್ಪತ್ರೆಗೆ ಬಂದಿದ್ದೆ ನೀನು. "ಟ್ರಾನ್ಸಿಟ್ ಕ್ಯಾಂಪಿನಲ್ಲಿ ಜಾಗ ಇದೆ, ಆದ್ರೂ ಒಂದು ರಾತ್ರಿ ನಿಮ್ಮನೇಲಿ ರೊಟ್ಟಿ ತಿನ್ನೋಣ ಅಂತ" ಅಂದೆ. ನಾನು ನಾಶಿಕದಲ್ಲಿದೀನಿ ಅಂದೆ. ಹಾಗನ್ನುವಾಗ ನನ್ನ ಮನೇಲೇ, ನನ್ನ ಸೋಫಾ ಮೇಲೇ ಕೂತು ಪಕ್ಕದ ಮನೆಯವರು ಕೊಟ್ಟ ಎಳ್ಳು-ಬೆಲ್ಲದ ತಿಳಗುಳ ಚೀಪುತ್ತಿದ್ದೆ. ಇಲ್ಲಿನವರು ಅದನ್ನು ಕೈಗಿಟ್ಟು ಸಿಹಿಯಾಗಿ ಮಾತಾಡಿ ಅಂತಾರೆ. ನಾನು ಬಹಳ ಸಿಹಿಯಾಗಿಯೇ ಮಾತಾಡಿದೆ. ಹಿಂದಿನ ದಿನದ ಭೋಗಿಯ ಸಜ್ಜೆ ರೊಟ್ಟಿ ಇನ್ನೂ ಡಬ್ಬಿಯಲ್ಲಿತ್ತು.

ಮರುದಿನ ಆರ್ಮಿ ಡೇ. ದಿಲ್ಲಿ ಬಿಟ್ಟು ಬೇರೆ ಊರುಗಳಲ್ಲಿ ಪರೇಡ್ ಶುರುವಾಗಿದೆಯಲ್ಲ, 2023ರಲ್ಲಿ ಬೆಂಗಳೂರು, ಆಮೇಲೆ ಲಖನೌ, 2025ರಲ್ಲಿ ನಮ್ಮ ಪುಣೆ. ಊರಿಡೀ ಅದೇ ಮಾತು. ನನಗೂ ಉಬ್ಬಿ ಬಂತು. ಸಂಜೆ ಕ್ಯಾಂಟೋನ್ಮೆಂಟಿನ ವಾರ್ ಮೆಮೋರಿಯಲ್ ಎದುರು ಸೆಲ್ಫಿ ತೆಗೆದು, 1949ರ ಜನವರಿ 15ಕ್ಕೆ ನಮ್ಮ ಕೊಡಗಿನ ಕಾರಿಯಪ್ಪ ಬ್ರಿಟಿಷ್ ಜನರಲ್ ಕೈಯಿಂದ ಸೇನೆಯ ಚುಕ್ಕಾಣಿ ತಗೊಂಡ ಕಥೆ ಬರೆದು, ಈ ಸ್ಮಾರಕ ಜನರ ದೇಣಿಗೆಯಿಂದಲೇ ಎದ್ದದ್ದು ಅಂತಲೂ ಸೇರಿಸಿ, ಕೊನೆಗೆ ಮೂರು ಸಲ್ಯೂಟ್ ಹಾಕಿ ಪೋಸ್ಟ್ ಮಾಡಿದೆ. ಪುಣೆ ಅಂತ ಜಾಗದ ಹೆಸರು ಸಮೇತ!

ಮೊದಲ ಲೈಕ್ ನಿನ್ನದು. ಕಾಮೆಂಟ್ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸೋಮಾರಿತನ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ನೀನು ಬಂದರೆ ರಾತ್ರಿ ಎರಡರವರೆಗೆ ಮಾತು, ಬೆಳಿಗ್ಗೆ ಆಫೀಸು. ಆದರೆ ಅದಲ್ಲ. ದೀಪಾವಳಿಗೆ ಫೋನ್ ಮಾಡಿದಾಗ "ಇನ್ನೇನು ಪೆನ್ಷನ್ ಬರ್ತೀನಿ" ಅಂದಿದ್ದೆಯಲ್ಲ, ಅದು ತಲೆಯಲ್ಲಿ ಕೂತಿತ್ತು. ನಮ್ಮ ಸೊಸೈಟಿ ಗೇಟಿನಲ್ಲಿ ಸಾತಾರಾ ಕಡೆಯ ಒಬ್ಬ ಮಾಜಿ ಹವಾಲ್ದಾರರಿದ್ದಾರೆ. ದಿನಾ ನನ್ನ ಕಾರಿಗೆ ಸಲ್ಯೂಟ್ ಹೊಡೀತಾರೆ, ನಾನು ಗಾಜು ಇಳಿಸದೆ ತಲೆ ಆಡಿಸ್ತೀನಿ. ನೀನೂ ಅಂಥದೊಂದು ಕೆಲಸ ನನ್ನ ಕಂಪನಿಯಲ್ಲಿ ಕೊಡಿಸು ಅಂದುಬಿಟ್ಟರೆ? ದಿನಾ ನಿನ್ನ ಮುಂದೆ ಕಾರ್ಡ್ ಉಜ್ಜಿ ಒಳಗೆ ಹೋಗಬೇಕಾ? ಇದೇ ಹೆದರಿಕೆ. ನೀನು ಕೇಳಿರಲೇ ಇಲ್ಲ. ಕೇಳಿದ್ದು ರೊಟ್ಟಿ.

ಕೇಳೋ ಚಾಳಿ ನನ್ನದು. ನೀನು ರಜೆಗೆ ಬಂದಾಗಲೆಲ್ಲ ಎಷ್ಟು ದಿನ ಇರ್ತೀಯ ಅನ್ನೋ ಮೊದಲೇ "ಮಿಲಿಟರಿ ಕ್ಯಾಂಟೀನಿನ ರಮ್ ಕೋಟಾ ಉಳಿದಿದೆಯಾ" ಅಂದವನು ನಾನು. 60 ದಿನದ ರಜೆಯಲ್ಲಿ ಅರ್ಧ ನೀನು ಹೊಲದ ಉತಾರ, ಬ್ಯಾಂಕು, ಅವ್ವನ ಕಣ್ಣು ಅಂತ ಓಡಾಡುತ್ತಿದ್ದೆ. ಜಾತ್ರೆಗೆ ನಾನೂ ಊರಿಗೆ ಬರ್ತಿದ್ದೆ, ಒಂದು ದಿನ ಅವ್ವನನ್ನು ಆಸ್ಪತ್ರೆಗೆ ಕರಕೊಂಡು ಹೋಗಬಹುದಿತ್ತು. ಹೋಗಿಲ್ಲ. ನಿನ್ನ ರಮ್ ಮಾತ್ರ ಒಂದು ಬಾಟಲಿಯೂ ಬಿಟ್ಟಿಲ್ಲ.

ಛೇ, ಜಾಸ್ತಿ ಆಯ್ತು. ನಿನ್ನ ಜೊತೆ ಬೆಳಗಾವಿಗೆ ಭರ್ತಿಗೆ ಬಂದು 1600 ಮೀಟರ್ ಓಟದಲ್ಲಿ ಮೂರನೇ ಸುತ್ತಿಗೇ ಕೂತವನು ನಾನು, ಸುಮ್ನೆ ಇಷ್ಟುದ್ದ ಓಡಬಾರದಿತ್ತು. ಏದುಸಿರು ಬರ್ತಿದೆ.

ಮಗಳ ಕಾರ್ಡ್ ನಿನ್ನ ಹೆಸರಿಗೇ ಬರೆಸಿದೆ. ಅದರಲ್ಲಿ ನಿನಗೆ ಪೊಲೀಸರ ಟೋಪಿ ಬರೆದಿದ್ದಾಳೆ, ಸಹಿಸಿಕೋ. ಮುಂದಿನ ಸಲ ಮೊಣಕಾಲು ತೋರಿಸೋಕೆ ಬಂದಾಗ ನೇರ ಮನೆಗೆ ಬಾ, ಕೇಳಬೇಡ. ಎರಡನೇ ಮಹಡಿ, ಲಿಫ್ಟ್ ಇದೆ. ಬೆಲ್ ಕೆಟ್ಟಿದೆ, ಜೋರಾಗಿ ಬಾಗಿಲು ಬಡಿ. ತೆಗೆಯೋದು ತಡವಾದರೆ ನಾಶಿಕದಲ್ಲಿದಾನೆ ಅಂದ್ಕೊಂಡು ಹೋಗಿಬಿಡಬೇಡ ಮಾರಾಯ.

ನಿನ್ನ,
ಸೈಕಲ್ ಸಾಕ್ಷಿ