ವೆಬ್‌ಸೈಟ್ ತಿದ್ದುವ ಕೆಲಸ ಕಚೇರಿಯವರ ಕೈಗೇ ಬರಲಿ

ಮಾನ್ಯ ಸಂಪಾದಕರೇ,

ಕಾಲೇಜು ಪ್ರವೇಶದ ಸಮಯ ಬಂತೆಂದರೆ ವೆಬ್‌ಸೈಟಿನಲ್ಲಿ ಹಳೇ ತಾರೀಖು ನೋಡಿ ಪರದಾಡುವ ಮಕ್ಕಳು ಪ್ರತಿವರ್ಷ ಸಿಗುತ್ತಾರೆ. ನಾನು ಹಾವೇರಿ ಜಿಲ್ಲೆಯ ಪದವಿ ಕಾಲೇಜೊಂದರ ಗ್ರಂಥಪಾಲಕಿ. ಶುಲ್ಕ ಕಟ್ಟುವ ಕೊನೇ ದಿನ ಮುಂದೆ ಹೋದರೆ ನೋಟಿಸ್ ಬೋರ್ಡಿಗೆ ಆಗಲೇ ಚೀಟಿ ಬೀಳುತ್ತದೆ. ವೆಬ್‌ಸೈಟಿಗೆ ಮಾತ್ರ ಅದನ್ನು ಮಾಡಿಕೊಟ್ಟವರಿಗೆ ವಾಟ್ಸ್ಆಪ್ ಕಳಿಸಬೇಕು, ಅವರಿಗೆ ಬಿಡುವಾಗುವ ತನಕ ಕಾಯಬೇಕು. ಅಷ್ಟರಲ್ಲಿ ಹಾನಗಲ್, ಶಿಗ್ಗಾಂವಿ ಕಡೆಯ ಹಳ್ಳಿಗಳಿಂದ ಮೊಬೈಲ್ ನೋಡಿಕೊಂಡೇ ಬಸ್ ಹತ್ತಿದವರು ಕೌಂಟರ್ ಮುಂದೆ ನಿಂತಿರುತ್ತಾರೆ. ಗುಮಾಸ್ತರನ್ನು ಬೈದು ಏನು ಪ್ರಯೋಜನ? ತಿದ್ದುವ ದಾರಿಯನ್ನೇ ಅವರಿಗೆ ಕೊಟ್ಟಿಲ್ಲ.

ಇದೇ ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕಗಳ ಪಟ್ಟಿ ಇಡಲು ನಾವು ಕೊಹಾ ಬಳಸುತ್ತೇವೆ. ನ್ಯೂಜಿಲೆಂಡಿನ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ 2000ದಲ್ಲಿ ಶುರುವಾದ ಉಚಿತ ತಂತ್ರಾಂಶ ಅದು. ಬ್ರೌಸರ್ ತೆರೆದು ಲಾಗಿನ್ ಆದರೆ ಸಾಕು. ಲೇಖಕರ ಹೆಸರಿಗೆ 100, ಪುಸ್ತಕದ ಹೆಸರಿಗೆ 245, ವಿಷಯವಾರು ಪುಸ್ತಕ ಜೋಡಿಸುವ ಡ್ಯೂಯಿ ಸಂಖ್ಯೆಗೆ 082, ಹೀಗೆ ಒಂದೊಂದಕ್ಕೂ ಒಂದೊಂದು ಖಾನೆ. ನಮ್ಮ ಅಟೆಂಡರ್ ಎಸ್ಸೆಸ್ಸೆಲ್ಸಿ ಓದಿದವರು. ಕೋಡ್ ಬರೆಯೋದು ಅವರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಲೇಖಕರ ಹೆಸರನ್ನು 245ರಲ್ಲಿ ತುಂಬಿಬಿಟ್ಟರೆ ಲೇಖಕರ ಪಟ್ಟಿಯಲ್ಲಿ ಆ ಪುಸ್ತಕ ಸಿಗಲ್ಲ ಅನ್ನೋದು ಚೆನ್ನಾಗಿ ಗೊತ್ತು. ತಪ್ಪು ಕಂಡರೆ ಆ ಖಾನೆ ತೆರೆದು, ತಿದ್ದಿ, ಸೇವ್ ಒತ್ತುತ್ತಾರೆ. ಅಷ್ಟೇ ಕೆಲಸ.

ವೆಬ್‌ಸೈಟಿಗೂ ಬೇಕಾಗಿರುವುದು ಇದೇ. ಕೋಡ್ ಬರೆಯದೆ ವೆಬ್‌ಸೈಟ್ ತಿದ್ದಬಹುದಾದ ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಹಾಕಿಸಿದರೆ ಆಯ್ತಲ್ವಾ ಅನ್ನುವವರಿದ್ದಾರೆ. ಹಾಕಿಸಲಿ, ಒಳ್ಳೆಯದೇ. ಆದರೆ ಖಾಲಿ ಪುಟ ಕೊಟ್ಟು ‘ಟೈಪ್ ಮಾಡ್ಕೊಳ್ಳಿ’ ಅಂದರೆ ಸಾಲದು. ಒಬ್ಬರು ತಾರೀಖನ್ನು ಕೆಂಪಕ್ಷರದಲ್ಲಿ ಮೇಲೆ ಹಾಕುತ್ತಾರೆ, ಇನ್ನೊಬ್ಬರು ಕೊನೇ ಸಾಲಿನಲ್ಲಿ. ಮತ್ತೊಬ್ಬರು ಹಳೇ ನುಡಿ ಫಾಂಟಿನ ಫೈಲಿನಿಂದ ಕಾಪಿ ಮಾಡಿ ಅಂಟಿಸುತ್ತಾರೆ. ಅದು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರ ಅಲ್ಲದ ಕಾರಣ ಕನ್ನಡದ ಜಾಗದಲ್ಲಿ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದು ಕೂರುತ್ತವೆ. ಈ ರಗಳೆಯೇ ಬೇಡ ಅಂತ ನೋಟಿಸನ್ನು ಸ್ಕ್ಯಾನ್ ಮಾಡಿ, ಪಿಡಿಎಫ್ ಹಾಕಿ ಕೈತೊಳೆದುಕೊಳ್ಳುತ್ತಾರೆ.

ಸ್ಕ್ಯಾನ್ ಮಾಡಿದ ಪುಟ ಅಂದರೆ ಬರೀ ಚಿತ್ರ. ನಮ್ಮಲ್ಲಿ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ ಇದ್ದಾನೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಕನ್ನಡದ ಪುಟಗಳನ್ನೂ ಓದಿಸಿ ಕೇಳುತ್ತಾನೆ. ಈ ಪಿಡಿಎಫ್ ತೆರೆದರೆ ಅದಕ್ಕೆ ಓದಲು ಒಂದಕ್ಷರವೂ ಸಿಗುವುದಿಲ್ಲ. ತನ್ನ ಶುಲ್ಕದ ನೋಟಿಸಿಗೂ ಆ ಹುಡುಗ ಗೆಳೆಯರ ದಾರಿ ಕಾಯಬೇಕು. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಶೀರ್ಷಿಕೆ, ಯಾವ ತರಗತಿಗೆ, ಕೊನೇ ದಿನ, ಯಾರನ್ನು ಕೇಳಬೇಕು ಅಂತ ಬೇರೆಬೇರೆ ಖಾನೆಗಳಿರಲಿ, ಹೆಸರುಗಳೂ ಕನ್ನಡದಲ್ಲೇ ಇರಲಿ. ಕೊನೇ ದಿನದ ಖಾನೆ ಮುಟ್ಟಿದರೆ ಕ್ಯಾಲೆಂಡರ್ ತೆರೆದುಕೊಳ್ಳಬೇಕು. ಜೂನ್ 31 ಅಂತ ಹಾಕಲು ಆಗಲೇಬಾರದು. ಅಲ್ಲಿ ಒಂದು ಸಲ ಬದಲಿಸಿದರೆ ಮುಖಪುಟದಲ್ಲಿ ಓಡುವ ಸಾಲು, ಪ್ರವೇಶದ ಪುಟ, ವಿಭಾಗದ ಪುಟ ಎಲ್ಲ ಕಡೆಯೂ ಬದಲಾಗಬೇಕು. ಗುಮಾಸ್ತರು ತುಂಬಿದ್ದನ್ನು ಪ್ರಾಂಶುಪಾಲರು ನೋಡಿ ಒಪ್ಪಿದ ಮೇಲೆ ಹೊರಗೆ ಕಾಣಲಿ. ಯಾರು, ಯಾವಾಗ, ಏನು ಬದಲಿಸಿದರು ಅನ್ನೋದೂ ಉಳಿಯಲಿ. ಇದಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ವರ್ಡ್‌ಪ್ರೆಸ್‌ನಂಥದ್ದೇ ತಂತ್ರಾಂಶ ಡ್ರೂಪಲ್ 2001ರಿಂದ ಇದೆ, ವರ್ಡ್‌ಪ್ರೆಸ್ 2003ರಿಂದ ಇದೆ. ಎರಡೂ ಉಚಿತ, ಎರಡರಲ್ಲೂ ಇಂಥ ಖಾನೆಗಳನ್ನು ಮಾಡಿಕೊಳ್ಳಬಹುದು. ಮಾಡಿಸಿಕೊಳ್ಳುವವರು ಕೇಳಬೇಕು.

ಸರ್ಕಾರಿ ಕಚೇರಿಗಳಿಗಂತೂ ಇದು ಇನ್ನೂ ಜಾಸ್ತಿ ಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4(1)(ಬಿ) ಪ್ರಕಾರ ಅಧಿಕಾರಿಗಳ ಪಟ್ಟಿ, ಸಂಬಳ, ಬಜೆಟ್ ಹೀಗೆ 17 ಬಗೆಯ ಮಾಹಿತಿಯನ್ನು ತಾವಾಗಿಯೇ ಪ್ರಕಟಿಸಿ, ಪ್ರತಿವರ್ಷ ಹೊಸದು ಮಾಡಬೇಕು. ಎಷ್ಟೋ ಕಡೆ ವರ್ಗವಾಗಿ ಹೋದವರ ಹೆಸರೇ ಇನ್ನೂ ಇರುತ್ತದೆ. ವರ್ಗಾವಣೆ ಆದೇಶ ಟೈಪ್ ಮಾಡಿದ ಸಿಬ್ಬಂದಿಯೇ ಆ ಹೆಸರನ್ನೂ ಬದಲಿಸುವಂತಿದ್ದರೆ ಒಂದು ದಿನವೂ ತಡವಾಗುವುದಿಲ್ಲ.

ಕಾಲೇಜು ಆಡಳಿತ ಮಂಡಳಿಗಳಲ್ಲಿ, ಇಲಾಖೆಗಳಲ್ಲಿ ನನ್ನದೊಂದು ವಿನಂತಿ. ವೆಬ್‌ಸೈಟಿನ ಕೊನೇ ಕಂತಿನ ಬಿಲ್ಲಿಗೆ ಸಹಿ ಹಾಕುವ ಮೊದಲು ನಿಮ್ಮ ಗುಮಾಸ್ತರನ್ನು ಕಂಪ್ಯೂಟರ್ ಮುಂದೆ ಕೂರಿಸಿ. ಒಂದು ತಾರೀಖು, ಒಂದು ಫೋನ್ ನಂಬರ್, ಒಂದು ಹೆಸರು ಬದಲಿಸಲು ಹೇಳಿ. ಮಾಡಿಕೊಟ್ಟವರು ಪಕ್ಕದಲ್ಲಿ ಸುಮ್ನೆ ನಿಂತಿರಲಿ, ಮೌಸ್ ಮುಟ್ಟುವುದು ಬೇಡ. ಅವರ ಸಹಾಯವಿಲ್ಲದೆ ಕೆಲಸ ಆದರೆ ದುಡ್ಡು ಕೊಡಿ.

— ಓರ್ವ ಗ್ರಂಥಪಾಲಕಿ, ಹಾವೇರಿ ಜಿಲ್ಲೆ