ಚೀನಾದ ಮಕ್ಕಳು: ಹಸಿವಿನಿಂದ ಬೊಜ್ಜಿನತ್ತ

ಚೀನಾದ ಮಕ್ಕಳ ಪೋಷಣೆಯ ಸಾಧನೆಯನ್ನು ಕೊಂಡಾಡುವವರು ಅಲ್ಲಿ ಹೆಚ್ಚುತ್ತಿರುವ ಬೊಜ್ಜನ್ನು ಮರೆಯಬಾರದು. 2011ರಲ್ಲಿ ಗ್ರಾಮೀಣ ಶಾಲೆಗಳಿಗಾಗಿ ಆರಂಭವಾದ ಪೌಷ್ಟಿಕ ಆಹಾರ ಯೋಜನೆಯಲ್ಲಿ ಮಗುವೊಂದಕ್ಕೆ ದಿನಕ್ಕೆ 3 ಯುವಾನ್‌ ಇದ್ದ ಅನುದಾನ 2021ರಲ್ಲಿ 5 ಯುವಾನ್‌ಗೆ ಏರಿತು. ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯದ ಹಳ್ಳಿ ಮಕ್ಕಳ ಪ್ರಮಾಣವೂ ಗಣನೀಯವಾಗಿ ತಗ್ಗಿತು. ಆದರೆ ಅಲ್ಲಿನ ಸರ್ಕಾರವೇ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 6ರಿಂದ 17 ವರ್ಷದೊಳಗಿನವರಲ್ಲಿ ಶೇ 19ರಷ್ಟು ಮಂದಿಗೆ ಅಧಿಕ ತೂಕ ಇಲ್ಲವೇ ಬೊಜ್ಜು ಇದೆ. ಸಿಹಿ ಪಾನೀಯ, ಕರಿದ ತಿನಿಸು, ಓದಿನ ಒತ್ತಡದಲ್ಲಿ ಕಳೆದುಹೋದ ಆಟದ ಹೊತ್ತು ಇದಕ್ಕೆ ಮುಖ್ಯ ಕಾರಣಗಳು. ಇವು ನಮ್ಮ ಊರುಗಳಿಗೂ ಅಪರಿಚಿತವೇನಲ್ಲ. ಆದ್ದರಿಂದ ನಮ್ಮ ಬಿಸಿಯೂಟದ ಯೋಜಕರು ಮಕ್ಕಳ ಎತ್ತರ, ತೂಕ ಎರಡನ್ನೂ ತಪ್ಪದೆ ದಾಖಲಿಸುವ ವ್ಯವಸ್ಥೆ ಮಾಡಲಿ. ಆಟದ ಅವಧಿಯನ್ನು ಬೇರೆ ಪಾಠಗಳಿಗೆ ಬಿಟ್ಟುಕೊಡದಂತೆ ಶಾಲೆಗಳಿಗೆ ಸೂಚಿಸಲಿ.